ಬೆಂಚಿಗೆ ಹಿಡಿಸದ ವಿದ್ಯಾರ್ಥಿನಿ: ಆನಾ ಸ್ವಾನ್

ಮನುಷ್ಯನನ್ನು ಅಳೆಯುವುದಕ್ಕೆ ಲೋಕದಲ್ಲಿ ಅಳತೆಗೋಲುಗಳು ಹಲವು. ಕೆಲವರು ಧನದಿಂದ ಅಳೆಯುತ್ತಾರೆ. ಕೆಲವರು ಕುಲದಿಂದ, ಮತ್ತೆ ಕೆಲವರು ವಿದ್ಯೆಯಿಂದ. ಆದರೆ ಬಡಗಿಯ ಅಡಿಗೋಲಿನಿಂದಲೇ ಜೀವಮಾನವೆಲ್ಲ ಅಳೆಯಲ್ಪಟ್ಟವರೂ ಉಂಟು. ಅಂತಹವರಲ್ಲಿ ಒಬ್ಬಳು ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿದ ಆನಾ ಸ್ವಾನ್. ಅವಳ ಎತ್ತರ 7 ಅಡಿ 11 ಅಂಗುಲ. ನಮ್ಮ ತರಗತಿಯ ಬಾಗಿಲಲ್ಲಿ ಒಳಬರಬೇಕಾಗಿದ್ದರೆ ಅವಳು ಒಂದು ಮೊಳದಷ್ಟಾದರೂ ಬಾಗಬೇಕಾಗುತ್ತಿತ್ತು. ಅಮೆರಿಕ ಮತ್ತು ಯುರೋಪ್ ಖಂಡಗಳ ಸಹಸ್ರಾರು ಜನ ಹಣ ಕೊಟ್ಟು ಅವಳನ್ನು ನೋಡಿ ಬೆರಗಾದರು. ಅವಳಿಗೆ ಮಾತ್ರ ಚಿಕ್ಕಂದಿನಿಂದ ಇದ್ದ ಆಸೆ ಬೇರೆ. ಅವಳು ಪಾಠ ಹೇಳುವ ಉಪಾಧ್ಯಾಯಿನಿಯಾಗಬೇಕೆಂದಿದ್ದಳು. ಆ ಆಸೆ ಏನಾಯಿತೆಂಬುದೇ ಈ ಲೇಖನದ ವಿಷಯ.

ಬಾಲ್ಯ

ಕೆನಡಾ ದೇಶದ ಪೂರ್ವ ಕರಾವಳಿಯಲ್ಲಿ ನೋವಾ ಸ್ಕೋಷಿಯ ಎಂಬ ಪ್ರಾಂತವಿದೆ. ಆಗ ಅದು ಬ್ರಿಟಿಷರ ವಸಾಹತಾಗಿತ್ತು. ಸ್ಕಾಟ್ಲೆಂಡಿನಿಂದ ಸಮುದ್ರ ದಾಟಿ ಬಂದ ಬಡ ರೈತರು ಅಲ್ಲಿ ಕಾಡು ಕಡಿದು, ಹೊಲ ಮಾಡಿಕೊಂಡು ನೆಲೆಸಿದ್ದರು. ಹಾಗೆ ಬಂದವರಲ್ಲಿ ಅಲೆಕ್ಸಾಂಡರ್ ಸ್ವಾನ್ ಎಂಬುವನೂ ಒಬ್ಬ. ಹುಟ್ಟಿದ ಊರನ್ನು ಬಿಟ್ಟು, ಇನ್ನೊಂದು ನೆಲದಲ್ಲಿ ಒಲೆ ಹೂಡುವುದೆಂದರೇನೆಂಬುದನ್ನು ಈ ಮುಂಬಯಿಯಲ್ಲಿ ಬೆಳೆಯುತ್ತಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲೆಕ್ಸಾಂಡರ್ ಮತ್ತು ಅವನ ಪತ್ನಿ ಆನ್ ದಂಪತಿಗಳಿಗೆ ಹದಿಮೂರು ಮಂದಿ ಮಕ್ಕಳಾದರು. ಮೂರನೆಯವಳಾಗಿ ಆನಾ 1846ರ ಆಗಸ್ಟ್ 6ರಂದು ಹುಟ್ಟಿದಳು. ತಂದೆ ತಾಯಿಗಳಿಬ್ಬರೂ ಸಾಧಾರಣ ಎತ್ತರದವರು. ಆದರೆ ಈ ಶಿಶು ಹುಟ್ಟುವಾಗಲೇ ಸುಮಾರು 18 ಪೌಂಡು ತೂಗುತ್ತಿತ್ತೆಂದು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಹುಟ್ಟುವ ಕೂಸುಗಳಿಗೆ ಏಳು ಪೌಂಡು ಇದ್ದರೆ ಅಜ್ಜಿಯಂದಿರು ಸಂತೋಷಪಡುತ್ತಾರೆ.

ಆ ಮಗು ಬೆಳೆದ ಪರಿಯನ್ನು ಕೇಳಿದರೆ ಕಟ್ಟುಕಥೆಯೆನ್ನಿಸೀತು. ನಾಲ್ಕನೆಯ ಹುಟ್ಟುಹಬ್ಬದ ವೇಳೆಗೆ ಅವಳ ಎತ್ತರ 4 ಅಡಿ 6 ಅಂಗುಲ. ಆರನೆಯದಕ್ಕೆ 5 ಅಡಿ 2 ಅಂಗುಲ. ಹತ್ತನೆಯದಕ್ಕೆ 6 ಅಡಿ ದಾಟಿತ್ತು. ಹದಿನೈದು ತುಂಬಿದಾಗ ಅವಳು 7 ಅಡಿ ಎತ್ತರದವಳು. ಇನ್ನೆರಡು ವರ್ಷಗಳಲ್ಲಿ ಅವಳ ಪೂರ್ಣ ಬೆಳವಣಿಗೆಯಾಯಿತು.

ಇಂತಹ ಬೆಳವಣಿಗೆಗೆ ಕಾರಣವೇನು? ನಮ್ಮ ಮಿದುಳಿನ ಬುಡದಲ್ಲಿ ಕಡಲೆಯಷ್ಟು ಗಾತ್ರದ ಒಂದು ಗ್ರಂಥಿಯಿದೆ. ಪಿಟ್ಯುಟರಿ ಎಂದು ಅದರ ಹೆಸರು. ದೇಹ ಎಷ್ಟು ಬೆಳೆಯಬೇಕೆಂಬುದನ್ನು ನಿಯಂತ್ರಿಸುವ ರಸ ಅದರಿಂದ ರಕ್ತಕ್ಕೆ ಸೇರುತ್ತದೆ. ಎಳೆಯ ವಯಸ್ಸಿನಲ್ಲಿ ಆ ರಸ ಅತಿಯಾಗಿ ಸ್ರವಿಸಿದರೆ ಮೂಳೆಗಳು ಮಿತಿಮೀರಿ ಉದ್ದವಾಗುತ್ತವೆ. ಅಸಾಧಾರಣ ಎತ್ತರಕ್ಕೆ ಸಾಮಾನ್ಯವಾಗಿ ಇದೇ ಕಾರಣವೆಂದು ವೈದ್ಯಶಾಸ್ತ್ರ ಈಗ ಹೇಳುತ್ತದೆ. ಇದಕ್ಕೆ ಚಿಕಿತ್ಸೆಯೂ ಉಂಟು. ಆನಾಳ ಬಾಲ್ಯದಲ್ಲಿ ಈ ತಿಳಿವಳಿಕೆ ವೈದ್ಯರಿಗಿರಲಿಲ್ಲ. ಆದಕಾರಣ ಊರ ಜನರ ಕಣ್ಣಿಗೆ ಅವಳೊಂದು ವಿಚಿತ್ರವಾದಳು. ನಾಲ್ಕೂವರೆ ವರ್ಷದವಳಾಗಿದ್ದಾಗಲೇ ಹ್ಯಾಲಿಫ್ಯಾಕ್ಸ್ ನಗರಕ್ಕೆ ಒಯ್ದು ಶಿಶು ದೈತ್ಯೆ ಎಂಬ ಹೆಸರಿನಿಂದ ಅವಳನ್ನು ಜನರಿಗೆ ತೋರಿಸಲಾಯಿತು. ಆಟವಾಡುವ ವಯಸ್ಸಿನ ಮಗು ತಾನೇ ನೋಟದ ವಸ್ತುವಾದದ್ದು ಹೀಗೆ.

ವಿದ್ಯೆಯ ಹಂಬಲ

ಹಳ್ಳಿಯ ಶಾಲೆಗೆ ಆನಾ ಸೇರಿದಳು. ಅಲ್ಲಿನ ಬೆಂಚುಗಳು ಅವಳಿಗೆ ಹಿಡಿಸುತ್ತಿರಲಿಲ್ಲ. ಕುಳಿತರೆ ಮೊಣಕಾಲು ಮೇಜಿಗೆ ತಗಲುತ್ತಿತ್ತು. ಅವಳು ಎತ್ತರದ ಪೀಠವೊಂದರ ಮೇಲೆ ಕುಳಿತು, ಕೆಳಗೆ ಹಲಗೆಗಳನ್ನು ಕೊಟ್ಟು ಎತ್ತರಿಸಿದ ಮೇಜಿನ ಮೇಲೆ ಬರೆಯಬೇಕಾಯಿತು. ತರಗತಿಯ ಮಕ್ಕಳ ಮಧ್ಯೆ ಅವಳ ತಲೆ ಸದಾ ಎದ್ದು ಕಾಣುತ್ತಿತ್ತು. ಆದರೂ ಅವಳು ಶಾಲೆ ಬಿಡಲಿಲ್ಲ. ಓದಿನಲ್ಲಿ ಅವಳಿಗೆ ಒಳ್ಳೆಯ ಆಸಕ್ತಿಯಿತ್ತು.

ಮುಂದೆ ಉಪಾಧ್ಯಾಯಿನಿಯಾಗುವ ಸಂಕಲ್ಪದಿಂದ ಟ್ರೂರೋ ಎಂಬ ಪಟ್ಟಣದ ನಾರ್ಮಲ್ ಸ್ಕೂಲಿಗೆ, ಎಂದರೆ ಶಿಕ್ಷಕರ ತರಬೇತಿ ಶಾಲೆಗೆ ಸೇರಿ, ಬಂಧುಗಳ ಮನೆಯಲ್ಲಿ ಉಳಿದಳು. ಹಳ್ಳಿಯಲ್ಲಾದರೋ ಜನ ಅವಳನ್ನು ಹುಟ್ಟಿನಿಂದ ಕಂಡವರು. ಅವರಿಗೆ ಅವಳು ಸ್ವಾನರ ಮನೆಯ ಮಗಳು. ಪಟ್ಟಣದಲ್ಲಿ ಹಾಗಲ್ಲ. ಬೀದಿಗಿಳಿದರೆ ಜನ ನಿಂತು ನೋಡುವರು. ಮಕ್ಕಳು ಹಿಂದೆ ಹಿಂದೆ ಬರುವರು. ಶಾಲೆಯ ಬೆಂಚುಗಳೂ ಮನೆಯ ಮಂಚ ಕುರ್ಚಿಗಳೂ ಅವಳಿಗೆ ಒಗ್ಗುತ್ತಿರಲಿಲ್ಲ. ಪಾಠ ಅವಳಿಗೆ ಕಷ್ಟವಾಗಿರಲಿಲ್ಲ. ಪಾಠಶಾಲೆಗೆ ಹೋಗಿಬರುವ ದಾರಿ ಕಷ್ಟವಾಯಿತು. ಕಡೆಗೆ ಅವಳು ತರಬೇತಿಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹಿಂದಿರುಗಿದಳು.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಂತು ಆಲೋಚಿಸಿ. ಅವಳನ್ನು ಆ ಶಾಲೆಯಿಂದ ಹೊರಗೆ ಹಾಕಿದವರಾರು? ಹೆಡ್‌ಮಾಸ್ತರರಲ್ಲ, ಪರೀಕ್ಷೆಯೂ ಅಲ್ಲ. ಬೀದಿಯ ಜನರ ಕಣ್ಣುಗಳು. ನೋಡಿದವರಲ್ಲಿ ಯಾರೂ ತಾವೊಂದು ಕೇಡು ಮಾಡಿದೆವೆಂದು ತಿಳಿದಿರಲಾರರು. ಪ್ರತಿಯೊಬ್ಬನೂ ನೋಡಿದ್ದು ಒಂದೇ ಸಲ. ಅವಳು ಸಹಿಸಬೇಕಾದದ್ದು ಎಲ್ಲರ ನೋಟವನ್ನೂ.

ಬಾರ್ನಂನ ಕರೆ

ಆ ಕಾಲದಲ್ಲಿ ನ್ಯೂಯಾರ್ಕ್ ನಗರದ ಬ್ರಾಡ್‌ವೇ ಬೀದಿಯಲ್ಲಿ ಅಮೆರಿಕನ್ ಮ್ಯೂಸಿಯಂ ಎಂಬ ಐದಂತಸ್ತಿನ ಕಟ್ಟಡವೊಂದಿತ್ತು. ಫಿನಿಯಾಸ್ ಟೇಲರ್ ಬಾರ್ನಂ ಎಂಬುವನು ಅದರ ಒಡೆಯ. ಇಪ್ಪತ್ತೈದು ಸೆಂಟು ಕೊಟ್ಟು ಒಳಗೆ ಹೋದರೆ ಜೀವಂತ ಪ್ರಾಣಿಗಳು, ಮೇಣದ ಬೊಂಬೆಗಳು, ಮೀನುಗಳ ತೊಟ್ಟಿಗಳು, ನಾಟಕ, ಉಪನ್ಯಾಸ ಎಲ್ಲವನ್ನೂ ನೋಡಬಹುದಾಗಿತ್ತು. ಅದರಲ್ಲಿ ನಿಜವೂ ಇತ್ತು, ಸೋಗೂ ಇತ್ತು. 1842ರಲ್ಲಿ ಇದೇ ಬಾರ್ನಂ ಕೋತಿಯ ಮುಂಡಕ್ಕೆ ಮೀನಿನ ಬಾಲವನ್ನು ಜೋಡಿಸಿದ್ದ ಒಂದು ಒಣಗಿದ ವಸ್ತುವನ್ನು ಮತ್ಸ್ಯಕನ್ಯೆಯೆಂದು ತೋರಿಸಿ ಹಣ ಸಂಪಾದಿಸಿದ್ದನು. ಅಸಾಧಾರಣ ದೇಹದ ಮನುಷ್ಯರನ್ನು ಪ್ರದರ್ಶಿಸುವುದೂ ಅವನ ವ್ಯಾಪಾರದ ಒಂದು ಭಾಗವೇ ಆಗಿತ್ತು.

ನೋವಾ ಸ್ಕೋಷಿಯದ ಕಡೆ ಹೋಗಿಬಂದ ಒಬ್ಬ ಸದ್ಗೃಹಸ್ಥನ ಬಾಯಿಂದ ಬಾರ್ನಂ ಆನಾಳ ವಿಷಯವನ್ನು ಕೇಳಿ ಒಡನೆಯೇ ತನ್ನ ಪ್ರತಿನಿಧಿಯನ್ನು ಕಳುಹಿಸಿದನು. ತಂದೆ ತಾಯಿಗಳು ತಕ್ಷಣ ಒಪ್ಪಲಿಲ್ಲವಂತೆ. ಕೊನೆಗೆ ಒಪ್ಪಿದಾಗ ಹಣವೊಂದರ ಮಾತನ್ನೇ ಆಡಲಿಲ್ಲ. ಆನಾಳಿಗೆ ಪ್ರತಿದಿನವೂ ಪಾಠ ಹೇಳಲು ಉಪಾಧ್ಯಾಯರೊಬ್ಬರನ್ನು ಬಾರ್ನಂ ನೇಮಿಸಬೇಕೆಂಬುದು ಅವಳ ಒಪ್ಪಂದದ ಷರತ್ತಾಗಿತ್ತೆಂದು ಅವಳ ಚರಿತ್ರೆ ಬರೆದವರು ಹೇಳುತ್ತಾರೆ. ತಾಯಿಯೂ ಮೊದಲಲ್ಲಿ ಅವಳ ಜೊತೆಗಿದ್ದಳು. ಸುಮಾರು ಹದಿನೇಳು ವರ್ಷದ ಹುಡುಗಿ ಹೀಗೆ ನ್ಯೂಯಾರ್ಕಿಗೆ ಬಂದಳು. ಶಾಲೆ ಅವಳಿಗೆ ಸ್ಥಳ ಕೊಡಲಾರದೆ ಹೋಗಿತ್ತು. ಅವಳು ಪ್ರದರ್ಶನಶಾಲೆಯೊಳಗೇ ಒಂದು ಪಾಠಶಾಲೆಯನ್ನು ಕೇಳಿ ಪಡೆದಳು. ಉಪಾಧ್ಯಾಯನಾದ ನನಗೆ ಅವಳ ಎತ್ತರಕ್ಕಿಂತ ಈ ಒಂದು ಸಂಗತಿಯೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ವೇದಿಕೆಯ ಮೇಲೆ ಅವಳು ಸುಮ್ಮನೆ ನಿಂತು ತೋರಿಸಿಕೊಳ್ಳುವವಳಾಗಿರಲಿಲ್ಲ. ಜಗತ್ತಿನ ದೈತ್ಯಕಾಯರ ಚರಿತ್ರೆಯನ್ನು ಕುರಿತು ಉಪನ್ಯಾಸ ಮಾಡುತ್ತಿದ್ದಳು, ಪಿಯಾನೋ ನುಡಿಸುತ್ತಿದ್ದಳು, ಷೇಕ್ಸ್‌ಪಿಯರನ ಲೇಡಿ ಮ್ಯಾಕ್‌ಬೆತ್ ಪಾತ್ರವನ್ನೂ ಅಭಿನಯಿಸಿದಳು. ಮೂರಡಿಯನ್ನೂ ಮುಟ್ಟದ ಕಮೊಡೋರ್ ನಟ್ ಎಂಬ ಕಲಾವಿದನನ್ನು ಪಕ್ಕದಲ್ಲಿ ನಿಲ್ಲಿಸಿ, ಅವಳ ಎತ್ತರ ಇನ್ನೂ ಹೆಚ್ಚಾಗಿ ಕಾಣುವಂತೆ ಮಾಡುವುದು ಒಡೆಯನ ಜಾಣತನ. ಇದ್ದುದಕ್ಕಿಂತ ಎರಡಂಗುಲ ಹೆಚ್ಚಿಸಿ, 8 ಅಡಿ 1 ಅಂಗುಲವೆಂದೂ ಸಾರಲಾಯಿತು. ನಿಜವೇ ಆಶ್ಚರ್ಯಕರವಾಗಿರುವಾಗಲೂ ಅದಕ್ಕೊಂದಿಷ್ಟು ಸುಳ್ಳನ್ನು ಬೆರೆಸದಿದ್ದರೆ ಜಾಹೀರಾತಿನವರಿಗೆ ತೃಪ್ತಿಯಿಲ್ಲ. ಅಂತಹ ಬಾರ್ನಂ ಸಹ ತನ್ನ ಆತ್ಮಚರಿತ್ರೆಯಲ್ಲಿ ಆನಾಳನ್ನು ನೆನೆಯುವಾಗ ಅವಳ ಬುದ್ಧಿವಂತಿಕೆಯನ್ನು ಹೇಳಲು ಮರೆಯಲಿಲ್ಲ.

ಅಗ್ನಿಪರೀಕ್ಷೆ

1865ರ ಜುಲೈ 13ರಂದು ಮ್ಯೂಸಿಯಂ ಕಟ್ಟಡಕ್ಕೆ ಬೆಂಕಿ ಬಿತ್ತು. ಆನಾ ಮೇಲಂತಸ್ತಿನಲ್ಲಿದ್ದಳು. ಹೊಗೆ ದಟ್ಟವಾಗುತ್ತಿತ್ತು. ಅವಳ ಭಾರಕ್ಕೆ ಮೆಟ್ಟಿಲು ಕುಸಿದೀತೆಂದು ಜನ ಹೆದರಿದರು. ಕಿಟಕಿ ಅವಳಿಗೆ ಸಾಲದು. ಕಡೆಗೆ ಹತ್ತಿರದಲ್ಲಿದ್ದ ಭಾರ ಎತ್ತುವ ಯಂತ್ರವೊಂದನ್ನು ತಂದು, ಕಿಟಕಿಯ ಸುತ್ತಣ ಗೋಡೆಯನ್ನು ಒಡೆದು, ಹದಿನೆಂಟು ಮಂದಿ ಹಗ್ಗ ಹಿಡಿದು ಅವಳನ್ನು ಬೀದಿಗೆ ಇಳಿಸಿದರೆಂದು ಅಂದಿನ ಪತ್ರಿಕೆ ವರ್ಣಿಸಿತು. ಪತ್ರಿಕೆಯವರು ಸ್ವಲ್ಪ ಬಣ್ಣ ಕಟ್ಟಿರಬಹುದು. ಅವಳ ಪ್ರಾಣ ಉಳಿಯಿತೆಂಬುದೂ, ಕೂಡಿಟ್ಟ ಹಣ ಮತ್ತು ಉಡುಪುಗಳು ಸುಟ್ಟುಹೋದವೆಂಬುದೂ ನಿಜ. ಬಾರ್ನಂ ಬೇರೊಂದು ಕಟ್ಟಡದಲ್ಲಿ ಮ್ಯೂಸಿಯಂ ತೆರೆದನು. ಆನಾ ಅಲ್ಲಿಯೂ ಕೆಲಸಕ್ಕೆ ಹೋದಳು. 1868ರ ಮಾರ್ಚಿಯಲ್ಲಿ ಅದೂ ಸುಟ್ಟು ಬೂದಿಯಾಯಿತು. ಇಪ್ಪತ್ತೆರಡು ತುಂಬುವ ಮೊದಲೇ ಎರಡು ಸಲ ಅವಳ ಆಸರೆ ಬೆಂಕಿಗೆ ಆಹುತಿಯಾಯಿತು. ಆದರೆ ಕಲಿತ ವಿದ್ಯೆ ಸುಡಲಿಲ್ಲ. ಅವಳು ಮತ್ತೆ ವೇದಿಕೆ ಹತ್ತಿದಳು.

ಹಡಗಿನಲ್ಲಿ ಕೂಡಿದ ಜೋಡಿ

1871ರ ಏಪ್ರಿಲಿನಲ್ಲಿ ಪ್ರದರ್ಶನ ತಂಡವೊಂದರ ಜೊತೆ ಆನಾ ಇಂಗ್ಲೆಂಡಿಗೆ ಹಡಗು ಹತ್ತಿದಳು. ಅದೇ ತಂಡದಲ್ಲಿ ಮಾರ್ಟಿನ್ ವ್ಯಾನ್ ಬ್ಯೂರೆನ್ ಬೇಟ್ಸ್ ಎಂಬುವನಿದ್ದನು. ಅಮೆರಿಕದ ಕೆಂಟಕಿ ಸಂಸ್ಥಾನದವನು. ಎತ್ತರ 7 ಅಡಿ 9 ಅಂಗುಲ. ವಿಚಿತ್ರವೇನೆಂದರೆ ಅವನೂ ಮೊದಲು ಶಾಲಾ ಉಪಾಧ್ಯಾಯನಾಗಿದ್ದವನು! 1861ರಲ್ಲಿ ಅಮೆರಿಕದ ಅಂತರ್ಯುದ್ಧ ಪ್ರಾರಂಭವಾದಾಗ ಅವನು ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದವರ ಸೈನ್ಯವನ್ನು ಸೇರಿ ಕ್ಯಾಪ್ಟನ್ ಪದವಿಗೇರಿದ್ದನು. ಅದೇ ಹಡಗಿನಲ್ಲಿ ಮಿಲ್ಲಿ ಮತ್ತು ಕ್ರಿಸ್ಟೀನ್ ಎಂಬ ಅಂಟಿಕೊಂಡ ಅವಳಿ ಸೋದರಿಯರೂ ಇದ್ದರು. 1851ರಲ್ಲಿ ಗುಲಾಮರ ಮಕ್ಕಳಾಗಿ ಹುಟ್ಟಿದ ಈ ಕಪ್ಪು ಜನಾಂಗದ ಹೆಣ್ಣುಮಕ್ಕಳು ಸಂಗೀತದಲ್ಲಿಯೂ ಹಲವು ಭಾಷೆಗಳಲ್ಲಿಯೂ ಪ್ರವೀಣರಾಗಿದ್ದರು. ಒಂದು ಕಾಲದಲ್ಲಿ ಒಡೆಯರು ಅವರನ್ನು ಕೊಂಡು ಮಾರಿದ್ದುಂಟು. ಗುಲಾಮಗಿರಿಯ ಪರ ಕತ್ತಿ ಹಿಡಿದವನೂ, ಗುಲಾಮರಾಗಿ ಹುಟ್ಟಿದವರೂ, ವಲಸೆಯ ರೈತನ ಮಗಳೂ ಒಂದೇ ಹಡಗಿನಲ್ಲಿ ಒಂದೇ ಕಸುಬಿನವರಾಗಿ ಸಾಗಿದರು. ನೋಡುವ ಜನಕ್ಕೆ ಇವರೆಲ್ಲರೂ ಬರಿಯ ನೋಟ.

ಪ್ರಯಾಣದಲ್ಲಿ ಆನಾಳಿಗೂ ಮಾರ್ಟಿನನಿಗೂ ಸ್ನೇಹ ಬೆಳೆಯಿತು. ಬಾಗದೆ, ಬಗ್ಗದೆ, ಸರಿಸಮನಾಗಿ ಮುಖ ನೋಡಿ ಮಾತನಾಡುವ ಭಾಗ್ಯ ಇಬ್ಬರಿಗೂ ಅದುವರೆಗೆ ಅಪರೂಪವೇ ಆಗಿತ್ತು. ಅದೇ ವರ್ಷ ಜೂನ್ 17ರಂದು ಲಂಡನ್ನಿನ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಇಗರ್ಜಿಯಲ್ಲಿ ಅವರ ವಿವಾಹವಾಯಿತು. ವಿಕ್ಟೋರಿಯ ರಾಣಿ ಅವರನ್ನು ಅರಮನೆಗೆ ಕರೆಸಿಕೊಂಡು, ಅವರ ದೇಹಕ್ಕೆ ತಕ್ಕಂತೆ ದೊಡ್ಡದಾಗಿ ಮಾಡಿಸಿದ ಚಿನ್ನದ ಗಡಿಯಾರಗಳನ್ನು ಉಡುಗೊರೆಯಾಗಿ ಕೊಟ್ಟಳು. ದಾಖಲೆಯಲ್ಲಿರುವ ದಂಪತಿಗಳ ಪೈಕಿ ಅತ್ಯಂತ ಎತ್ತರದವರೆಂದು ಗಿನ್ನೆಸ್ ಪುಸ್ತಕ ಇವರನ್ನು ಹೆಸರಿಸಿದೆ.

ತಮ್ಮ ಅಳತೆಯ ಮನೆ

ಇಂಗ್ಲೆಂಡಿನಲ್ಲಿದ್ದಾಗಲೇ 1872ರ ಮೇ ತಿಂಗಳಲ್ಲಿ ಅವರಿಗೆ ಒಂದು ಹೆಣ್ಣುಮಗು ಹುಟ್ಟಿತು. 18 ಪೌಂಡು ತೂಕದ ಆ ಶಿಶು ಉಳಿಯಲಿಲ್ಲ. ದುಃಖತಪ್ತರಾದ ದಂಪತಿಗಳು 1874ರಲ್ಲಿ ಅಮೆರಿಕಕ್ಕೆ ಹಿಂದಿರುಗಿದರು. ಊರೂರು ಸುತ್ತುವ ಬಾಳು ಸಾಕೆನ್ನಿಸಿ, ಓಹಾಯೋ ಸಂಸ್ಥಾನದ ಸೆವಿಲ್ ಎಂಬ ಹಳ್ಳಿಯ ಹತ್ತಿರ ಜಮೀನು ಕೊಂಡು ಬೇಸಾಯಕ್ಕೆ ತೊಡಗಿದರು.

ಅಲ್ಲಿ ಅವರು ಕಟ್ಟಿಸಿದ ಮನೆ ಪ್ರಸಿದ್ಧವಾದದ್ದು. ಅದರ ಚಾವಣಿಗಳ ಎತ್ತರ 14 ಅಡಿ. ಬಾಗಿಲುಗಳು ಎಂಟೂವರೆ ಅಡಿ. ಮಂಚ, ಕುರ್ಚಿ, ಮೇಜುಗಳೆಲ್ಲವೂ ಅವರ ಅಳತೆಗೆ ತಕ್ಕಂತೆ ಮಾಡಿಸಿದವು. ಮನೆಗೆ ಬಂದ ಅತಿಥಿಗಳು ಕುರ್ಚಿಯಲ್ಲಿ ಕುಳಿತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಗಲಿವರನ ಪ್ರವಾಸಕಥೆಯಲ್ಲಿ ದೈತ್ಯರ ದೇಶದ ಪ್ರಸಂಗವನ್ನು ನೀವು ಓದಿರಬಹುದು. ಅದು ಇಲ್ಲಿ ಪ್ರತ್ಯಕ್ಷವಾಗಿತ್ತು. ಹುಟ್ಟಿದಂದಿನಿಂದ ಪರರ ಅಳತೆಯ ಬಾಗಿಲುಗಳಲ್ಲಿ ತಲೆ ತಗ್ಗಿಸಿ ನಡೆದ ಆನಾ ಈ ಮನೆಯಲ್ಲಿ ತಲೆಯೆತ್ತಿ ನಡೆದಳು. ಬಾಗಿಲು ಎಲ್ಲರಿಗೂ ಒಂದೇ ಅಳತೆಯದಾಗಿರಬೇಕೆಂದು ಪ್ರಕೃತಿ ನಿಯಮವೇನೂ ಮಾಡಿಲ್ಲ. ಅದು ಬಡಗಿಯ ಲೆಕ್ಕಾಚಾರವಷ್ಟೆ.

ಖರ್ಚುಗಳು ಬೆಳೆದುದರಿಂದ 1878ರಿಂದ 1880ರವರೆಗೆ ಅವರು ಸರ್ಕಸ್ ಕಂಪನಿಯೊಂದರ ಜೊತೆ ಮತ್ತೆ ಪ್ರವಾಸ ಮಾಡಬೇಕಾಯಿತು. ಈ ನಡುವೆ 1879ರ ಜನವರಿಯಲ್ಲಿ ಸೆವಿಲ್ಲಿನ ಮನೆಯಲ್ಲಿಯೇ ಒಂದು ಗಂಡುಮಗುವಾಯಿತು. ಅದರ ತೂಕ 22 ಪೌಂಡು, ಉದ್ದ 28 ಅಂಗುಲ. ದಾಖಲೆಯಲ್ಲಿರುವ ನವಜಾತ ಶಿಶುಗಳಲ್ಲಿ ಅದೇ ಅತ್ಯಂತ ಭಾರವಾದದ್ದೆಂದು ಗಿನ್ನೆಸ್ ಪುಸ್ತಕ ಹೇಳುತ್ತದೆ. ಹನ್ನೊಂದು ಗಂಟೆಗಳ ಕಾಲ ಮಾತ್ರ ಅದು ಬದುಕಿತ್ತು. ದಾಖಲೆಯ ಪುಸ್ತಕ ತೂಕವನ್ನು ಬರೆದುಕೊಂಡಿತು. ತಾಯಿಯ ಎದೆಯ ಭಾರವನ್ನು ಬರೆಯುವ ಪುಸ್ತಕ ಯಾವುದಿದೆ?

ಕೊನೆಗೂ ಉಪಾಧ್ಯಾಯಿನಿ

ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟ ಈ ತಾಯಿ ಕಹಿಯಾಗಲಿಲ್ಲ. ದಂಪತಿಗಳು ಸೆವಿಲ್ಲಿನ ಬ್ಯಾಪ್ಟಿಸ್ಟ್ ಸಭೆಗೆ ಸೇರಿದ್ದರು. ಅಲ್ಲಿ ಅವರಿಗಾಗಿ ದೊಡ್ಡ ಆಸನವನ್ನು ಮಾಡಿಸಲಾಗಿತ್ತು. ಆನಾ ಆ ಸಭೆಯ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳತೊಡಗಿದಳು. ಟ್ರೂರೋ ಪಟ್ಟಣದಲ್ಲಿ ಅರ್ಧಕ್ಕೆ ನಿಂತ ಆಸೆ ಈ ಸಣ್ಣ ಊರಿನಲ್ಲಿ ಸಣ್ಣ ರೂಪದಲ್ಲಾದರೂ ಕೈಗೂಡಿತು. ಮೊದಲ ದಿನ ಮಕ್ಕಳು ಬೆರಗಿನಿಂದಲೇ ಅವಳನ್ನು ನೋಡಿರಬೇಕು. ಆದರೆ ಬೆರಗು ಎಷ್ಟು ವಾರ ಉಳಿದೀತು? ಪಾಠ ಒಪ್ಪಿಸದಿದ್ದರೆ ಕೇಳುವ, ಒಪ್ಪಿಸಿದರೆ ನಗುವ ಉಪಾಧ್ಯಾಯಿನಿಯಲ್ಲಿ ಮಕ್ಕಳು ಅಡಿ ಅಂಗುಲಗಳನ್ನು ಬಹಳ ಕಾಲ ಎಣಿಸಲಾರರು. ಹಣ ಕೊಡದೆ ಅವಳನ್ನು ನೋಡಿದವರು, ಅವಳ ಎತ್ತರವನ್ನು ಮರೆತು ಅವಳ ಮಾತನ್ನು ಕೇಳಿದವರು ಆ ಹಳ್ಳಿಯ ಮಕ್ಕಳು.

1888ರ ಆಗಸ್ಟ್ 5ರಂದು ಆನಾ ಮನೆಯಲ್ಲಿ ತೀರಿಕೊಂಡಳು. ಮಾರನೆಯ ದಿನ ಅವಳಿಗೆ ನಲವತ್ತೆರಡು ವರ್ಷ ತುಂಬುತ್ತಿತ್ತು. ಅವಳ ಅಳತೆಯನ್ನು ತಿಳಿಸಿ ಮಾರ್ಟಿನ್ ಕ್ಲೀವ್‌ಲ್ಯಾಂಡ್ ನಗರಕ್ಕೆ ಶವಪೆಟ್ಟಿಗೆಗಾಗಿ ತಂತಿ ಕೊಟ್ಟನಂತೆ. ಅಷ್ಟು ಉದ್ದದ ಪೆಟ್ಟಿಗೆ ಯಾರಿಗೂ ಬೇಕಾಗಲಾರದು, ತಂತಿಯಲ್ಲಿ ತಪ್ಪಾಗಿರಬೇಕೆಂದು ಭಾವಿಸಿ ಅಲ್ಲಿನವರು ಸಾಧಾರಣ ಪೆಟ್ಟಿಗೆಯನ್ನು ಕಳುಹಿಸಿದರು. ಬೇರೊಂದು ಬರುವವರೆಗೆ ಅಂತ್ಯಕ್ರಿಯೆ ನಿಲ್ಲಬೇಕಾಯಿತು. ಹಳ್ಳಿಯ ಶಾಲೆಯ ಬೆಂಚಿನಿಂದ ಮೊದಲಾದ ತೊಡಕು ಸಾವಿನ ನಂತರವೂ ಅವಳನ್ನು ಬಿಡಲಿಲ್ಲ. ಇದರಿಂದ ನೊಂದ ಮಾರ್ಟಿನ್ ತನ್ನ ಪೆಟ್ಟಿಗೆಯನ್ನು ಮುಂಚಿತವಾಗಿಯೇ ಮಾಡಿಸಿಟ್ಟುಕೊಂಡನೆಂದು ಹೇಳುತ್ತಾರೆ. ಹೆಂಡತಿಯ ಸಮಾಧಿಯ ಮೇಲೆ ಅವನು ಒಂದು ಸ್ತ್ರೀಪ್ರತಿಮೆಯನ್ನು ನಿಲ್ಲಿಸಿದನು. ಮುಂದೆ ಅವನು ಸಾಧಾರಣ ಎತ್ತರದ ಸ್ತ್ರೀಯೊಬ್ಬಳನ್ನು ಮದುವೆಯಾಗಿ 1919ರವರೆಗೆ ಬಾಳಿದನು. ಸೆವಿಲ್ಲಿನ ಆ ದೊಡ್ಡ ಮನೆ ಈಗ ಉಳಿದಿಲ್ಲ. ಆನಾಳ ಹುಟ್ಟೂರಿಗೆ ಸಮೀಪದ ಟಾಟಮಗೂಷ್ ಎಂಬ ಊರಿನಲ್ಲಿ ಅವಳ ನೆನಪನ್ನು ಕಾಪಾಡುವ ಸಂಗ್ರಹಾಲಯವೊಂದಿದೆ.

ಉಪಸಂಹಾರ

ವಿದ್ಯಾರ್ಥಿ ಮಿತ್ರರೇ, ಆನಾ ಸ್ವಾನ್ ರಾಜ್ಯವನ್ನು ಗೆದ್ದವಳಲ್ಲ, ಗ್ರಂಥ ಬರೆದವಳಲ್ಲ. ತನ್ನ ಎತ್ತರವನ್ನು ಅವಳು ಸಾಧಿಸಲಿಲ್ಲ. ಅದು ತಾನಾಗಿ ಬಂದದ್ದು. ಅದಕ್ಕಾಗಿ ಅವಳನ್ನು ಹೊಗಳುವುದೂ ಸಲ್ಲದು, ಹಾಸ್ಯಮಾಡುವುದೂ ಸಲ್ಲದು. ಅವಳು ಸಾಧಿಸಿದ್ದು ಬೇರೆ. ಲೋಕ ಅವಳನ್ನು ನೋಟವಾಗಿಸಿದಾಗ ಅವಳು ವಿದ್ಯೆಯನ್ನು ಕೈಬಿಡಲಿಲ್ಲ. ಜೀವನೋಪಾಯಕ್ಕಾಗಿ ದೇಹವನ್ನು ಜನರ ಮುಂದೆ ನಿಲ್ಲಿಸಬೇಕಾಗಿ ಬಂದರೂ, ಮನಸ್ಸನ್ನು ತನ್ನದಾಗಿಯೇ ಉಳಿಸಿಕೊಂಡಳು.

ಆದರೆ ಈ ಕಥೆಯಿಂದ ಕಲಿಯಬೇಕಾದವರು ಆನಾಳಂತಹವರಿಗಿಂತ ಹೆಚ್ಚಾಗಿ ಅವಳನ್ನು ನೋಡುವವರು. ನಮ್ಮ ನಗರ ದೊಡ್ಡದು. ಲೋಕಲ್ ಗಾಡಿಯಲ್ಲಿ, ಬಸ್ಸಿನ ಸಾಲಿನಲ್ಲಿ, ನಮ್ಮ ಚಾಳಿನ ಓಣಿಯಲ್ಲಿ ಎಲ್ಲರಂತಿಲ್ಲದವರು ನಿತ್ಯವೂ ಎದುರಾಗುತ್ತಾರೆ: ತೀರ ಕುಳ್ಳರು, ತೀರ ಎತ್ತರದವರು, ಕುಂಟುವವರು, ತೊದಲುವವರು. ನಮ್ಮ ತರಗತಿಯಲ್ಲಿಯೇ ಊರಿನಿಂದ ಹೊಸದಾಗಿ ಬಂದು, ಮರಾಠಿಯೂ ಹಿಂದಿಯೂ ತಿಳಿಯದೆ, ಹಿಂದಿನ ಬೆಂಚಿನಲ್ಲಿ ಮುದುಡಿ ಕೂತ ಹುಡುಗನಿರಬಹುದು. ಟ್ರೂರೋ ಪಟ್ಟಣದ ಜನರಲ್ಲಿ ಒಬ್ಬಳೇ ಒಬ್ಬ ಸಹಪಾಠಿ ಆನಾಳ ಪಕ್ಕದಲ್ಲಿ ನಡೆದು, ಅಂದಿನ ಪಾಠದ ವಿಷಯ ಮಾತನಾಡುತ್ತ ಶಾಲೆಯವರೆಗೆ ಹೋಗಿದ್ದರೆ ಆ ದಾರಿ ಅವಳಿಗೆ ಅಷ್ಟು ಉದ್ದವಾಗುತ್ತಿರಲಿಲ್ಲವೇನೋ. ಅಂತಹ ಸಹಪಾಠಿಯಾಗುವ ಅವಕಾಶ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಆಗ ಅವರ ಎತ್ತರವೆಷ್ಟೆಂದು ಕೇಳಬೇಡಿ; ಇಂದು ಏನು ಓದಿದೆಯೆಂದು ಕೇಳಿ.